ಹರಿದ ಪತ್ರ, ಉಳಿದ ನಕಲು

ಹುಳು ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತು. ಬೂದಿಗೆರೆಯ ಆ ಮನೆಯಲ್ಲಿ ಹುಳು ಸಾಕುವ ಕೋಣೆಯ ಬಾಗಿಲು ತೆರೆದರೆ ಮಳೆ ಹನಿಯುವಂಥ ಸದ್ದು. ಹಿಪ್ಪುನೇರಳೆ ಸೊಪ್ಪು ಎಷ್ಟು ಹಾಕಿದರೂ ಸಾಲದ ಹೊತ್ತು ಅದು. ಇಂಥ ದಿನಗಳಲ್ಲಿ ಮನೆಯೊಡತಿ ಆ ಕೋಣೆ ಬಿಟ್ಟು ಅಲುಗುತ್ತಿರಲಿಲ್ಲ. ಈ ಸಲ ಮಾತ್ರ ಆಕೆ ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದರು. ತಲೆಗೆ ಹತ್ತಿಬಟ್ಟೆ ಕಟ್ಟಿಕೊಂಡಿದ್ದರು. ಎರಡನೇ ಕೀಮೋ ಮುಗಿದು ಒಂದು ವಾರವಾಗಿತ್ತು.

ಮಗಳು ಬಸ್ಸಿಳಿದು ಬಂದಳು. ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದ ಹುಡುಗಿ. ಬರುವ ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಅಮ್ಮನ ರಕ್ತಪರೀಕ್ಷೆಯ ವರದಿ ತಂದಿದ್ದಳು. ಬಸ್ಸಿನಲ್ಲೇ ಮೂರು ಸಲ ಓದಿಯೂ ಆಗಿತ್ತು.

"ಏನ್ ಬರ್ದವ್ರೆ ಮಗಾ?"

"ಬಿಆರ್‌ಸಿಎ-2 ಅನ್ನೋ ಜೀನ್‌ನಲ್ಲಿ ಒಂದು ಕಡೆ ತಪ್ಪೈತಂತೆ ಅಮ್ಮ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ ಮಾತು: "ಹಂಗಾರೆ ನಿಂಗೂ ಬತ್ತದಾ?"

ಹುಡುಗಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಕ್ಷಣ ಹೇಳಲಾಗಲಿಲ್ಲ.

ಸ್ತನ ಕ್ಯಾನ್ಸರ್ ಬಂದ ನೂರು ಹೆಂಗಸರಲ್ಲಿ ಸುಮಾರು ಐದರಿಂದ ಹತ್ತು ಮಂದಿಗೆ ಮಾತ್ರ ಅದು ಹುಟ್ಟಿನಿಂದ ಬಂದ ಜೀನಿನ ದೋಷದಿಂದ ಬರುತ್ತದೆ. ಹಾಗಾಗಿ ಎಲ್ಲರಿಗೂ ಈ ಪರೀಕ್ಷೆ ಮಾಡಿಸುವುದಿಲ್ಲ. ಈಕೆಯ ವಿಷಯದಲ್ಲಿ ವೈದ್ಯರು ಬೇರೆ ಕೆಲವು ಪ್ರಶ್ನೆ ಕೇಳಿದ್ದರು. ವಯಸ್ಸು ನಲವತ್ತಾರು. ಅಕ್ಕ ಇದೇ ಕಾಯಿಲೆಯಿಂದ ನಲವತ್ತೊಂದಕ್ಕೇ ತೀರಿಹೋಗಿದ್ದರು. "ನಿಮ್ಮ ತಾಯಿಯ ಕಡೆ ಯಾರಿಗಾದರೂ ಇತ್ತಾ? ತಂದೆಯ ಕಡೆ?" ಎಂದು ಕೇಳಿ, ಬಿಳಿಹಾಳೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ ಬರೆಯುತ್ತ ವಂಶವೃಕ್ಷ ಬಿಡಿಸಿದ್ದರು.

ತಾಯಿಯ ಕಡೆ ಎಂದೊಡನೆ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ತಲೆ ತಗ್ಗಿಸಿದ್ದರು. ದೊಡ್ಡ ಮಗಳು ಸತ್ತಾಗ ಆಕೆಯ ಗಂಡನ ಮನೆಯವರು ಅಂದ ಮಾತು ಅವರ ಕಿವಿಯಲ್ಲಿ ಹಾಗೇ ಉಳಿದಿತ್ತು: ಇದು ಇವಳ ಹೊಟ್ಟೆಯ ದೋಷ. ಈಗ ಚಿಕ್ಕ ಮಗಳಿಗೂ ಬಂದಿತ್ತು. ಅದನ್ನು ಇನ್ನೊಮ್ಮೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಆದರೆ ವೈದ್ಯರ ಹಾಳೆಯ ಮೇಲೆ ಬೇರೆಯೇ ಒಂದು ಚಿತ್ರ ಮೂಡುತ್ತಿತ್ತು. ಅಜ್ಜಿಗೆ ಎಪ್ಪತ್ತೆರಡಾದರೂ ಅಂಥದ್ದೇನೂ ಇಲ್ಲ. ಅವರ ಅಕ್ಕತಂಗಿಯರಿಗೂ ಇಲ್ಲ. ತೀರಿಹೋದ ತಾತನಿಗೆ ಕೊನೆಗಾಲದಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಆಗಿತ್ತು. ತಾತನ ತಂಗಿಯೊಬ್ಬರು ಎದೆಯಲ್ಲಿ ಗಡ್ಡೆಯಾಗಿ, ನಾಟಿಔಷಧಿ ಮಾಡಿಸಿಕೊಂಡು, ಎಳೆಯ ವಯಸ್ಸಿನಲ್ಲೇ ಹೋಗಿದ್ದರು. ಆ ಎರಡು ಸಾವುಗಳನ್ನು ಈ ಎರಡು ಹೆಣ್ಣುಮಕ್ಕಳ ಕಾಯಿಲೆಯ ಜೊತೆ ಸೇರಿಸಿ ನೋಡಬಹುದೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸ್ತನದ ಕಾಯಿಲೆ ಅಪ್ಪನ ಕಡೆಯಿಂದ ಬಂದೀತೆ?

ಬರುತ್ತದೆ. ಬಿಆರ್‌ಸಿಎ-2 ಜೀನ್ ಇರುವುದು ಹದಿಮೂರನೇ ವರ್ಣತಂತುವಿನಲ್ಲಿ. ಆ ವರ್ಣತಂತು ಗಂಡಸರಲ್ಲೂ ಎರಡು, ಹೆಂಗಸರಲ್ಲೂ ಎರಡು: ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ದೋಷವಿರುವ ಗಂಡಸಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಹೆಂಗಸರಿಗಿಂತ ಕಡಿಮೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಸಾಧ್ಯತೆ ಉಳಿದ ಗಂಡಸರಿಗಿಂತ ಹೆಚ್ಚು. ಮಕ್ಕಳಿಗೆ ದಾಟಿಸುವ ವಿಷಯದಲ್ಲಂತೂ ಗಂಡು ಹೆಣ್ಣು ಇಬ್ಬರೂ ಒಂದೇ.

ವರದಿ ಬಂದ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಸೊಪ್ಪು ಹಾಕಿ ಬಂದ ಅಪ್ಪ ಜಗುಲಿಯ ಮೇಲೆ ಕುಳಿತು ಮಗಳನ್ನು ಕರೆದರು. "ನಂಗೆ ತಿಳಿಯಂಗೆ ಹೇಳು. ಆ ಜೀನ್‌ದು ಕೆಲ್ಸ ಏನು?"

ಹುಡುಗಿ ಪಠ್ಯಪುಸ್ತಕದಲ್ಲಿ ಓದಿದ್ದ ಹೆಸರು ಹೋಮೋಲಾಗಸ್ ರೀಕಾಂಬಿನೇಷನ್. ಕನ್ನಡದಲ್ಲಿ ಸಮಜಾತ ಮರುಸಂಯೋಜನೆ ಎನ್ನಬಹುದು. ಎರಡರಲ್ಲಿ ಯಾವುದನ್ನು ಹೇಳಿದರೂ ಅಪ್ಪನಿಗೆ ಅರ್ಥವಾಗುವಂತಿರಲಿಲ್ಲ. 2008ರಲ್ಲಿ ದೇವನಹಳ್ಳಿಯ ಹತ್ತಿರ ವಿಮಾನನಿಲ್ದಾಣ ಶುರುವಾದ ಮೇಲೆ ಈ ಸುತ್ತಿನ ಪ್ರತಿ ಮನೆಯಲ್ಲೂ ಅಕ್ಷರ ಬಾರದವರಿಗೂ ಅರ್ಥವಾಗುವ ವಸ್ತು ಒಂದಿದೆ: ಜಮೀನಿನ ಪತ್ರ. ಹುಡುಗಿ ಅದನ್ನೇ ಹಿಡಿದಳು.

"ನಮ್ ಕ್ರಯಪತ್ರ ಇಲಿ ಕಡಿದು ಎರಡು ತುಂಡಾಯ್ತು ಅನ್ಕೊ ಅಪ್ಪ. ಏನ್ ಮಾಡ್ತೀಯಾ?"

"ಗೋಂದು ಹಾಕಿ ಅಂಟಿಸ್ತೀನಿ."

"ಇಲಿ ಕಡಿದ ಜಾಗದಲ್ಲಿ ಒಂದು ಸಾಲು ಹೋಗಿದ್ರೆ? ಅದು ಚಕ್ಕುಬಂದಿಯ ಸಾಲೇ ಆಗಿದ್ರೆ?"

ಅಪ್ಪ ನೆಟ್ಟಗೆ ಕುಳಿತರು. ಚಕ್ಕುಬಂದಿ ಹೋದ ಪತ್ರ ಇದ್ದೂ ಇಲ್ಲದಂತೆ. ನಾಳೆ ಪಕ್ಕದವನು ಬೇಲಿ ಒತ್ತಿದರೆ ತೋರಿಸಲು ಏನೂ ಇರುವುದಿಲ್ಲ. "ಹಂಗಾರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನಕಲು ತೆಗೆಸ್ಬೇಕು. ಅದ್ನ ನೋಡ್ಕೊಂಡು ಹೋದ ಸಾಲು ಬರ್ಕೋಬೇಕು."

"ಜೀವಕೋಶಾನೂ ಅದೇ ಮಾಡ್ತದೆ."

ನಮ್ಮ ಪ್ರತಿ ಜೀವಕೋಶದಲ್ಲೂ ಡಿಎನ್‌ಎ ಇದೆ. ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ಅದು ನಲವತ್ತಾರು ವರ್ಣತಂತುಗಳಾಗಿ ಮಡಿಚಿಕೊಂಡು ಕೂತಿರುತ್ತದೆ. ಹೆಣೆದುಕೊಂಡ ಎರಡು ಎಳೆಗಳ ಈ ದಾರ ಆಗಾಗ ಕಡಿಯುತ್ತದೆ. ಎಕ್ಸ್‌ರೇಯಂಥ ವಿಕಿರಣ ತಾಗಿದರೆ ಕಡಿಯುತ್ತದೆ. ನಾವು ಉಸಿರಾಡುವ ಆಮ್ಲಜನಕದಿಂದ ಕೋಶದೊಳಗೆ ಹುಟ್ಟುವ ಚುರುಕು ರಾಸಾಯನಿಕಗಳಿಂದ ಕಡಿಯುತ್ತದೆ. ಕೋಶ ಎರಡಾಗುವ ಮೊದಲು ಡಿಎನ್‌ಎಯ ಪ್ರತಿ ಮಾಡಿಕೊಳ್ಳುವಾಗ ಎಡವಿದರೂ ಕಡಿಯುತ್ತದೆ. ಒಂದೇ ಎಳೆ ಕಡಿದರೆ ಎದುರಿನ ಎಳೆ ನೋಡಿ ಸರಿಪಡಿಸಬಹುದು. ಎರಡೂ ಎಳೆಗಳು ಒಂದೇ ಕಡೆ ಕಡಿದಾಗ ಮಾತ್ರ ಕಷ್ಟ.

ಆಗ ಕೋಶದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ತುಂಡಾದ ತುದಿಗಳನ್ನು ಹೇಗಿವೆಯೋ ಹಾಗೆ ತಂದು ಅಂಟಿಸುವುದು. ಬೇಗ ಆಗುವ ಕೆಲಸ, ಆದರೆ ತುದಿಯ ಕೆಲವು ಅಕ್ಷರಗಳು ಹೋಗಬಹುದು. ಇನ್ನೊಂದು, ನಕಲನ್ನು ಹುಡುಕುವುದು. ಕೋಶ ಎರಡಾಗುವ ಮೊದಲು ಪ್ರತಿ ವರ್ಣತಂತುವಿಗೂ ಜೋಡಿ ಪ್ರತಿಯೊಂದು ತಯಾರಾಗಿ, ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ಕಡಿದ ತುದಿಯಲ್ಲಿ ಒಂದು ಎಳೆಯನ್ನು ಕಿಣ್ವಗಳು ಕೊಂಚ ಸವರಿ, ಇನ್ನೊಂದು ಎಳೆ ಒಂಟಿಯಾಗಿ ಚಾಚುವಂತೆ ಮಾಡುತ್ತವೆ. ಆ ಒಂಟಿ ಎಳೆಯ ಉದ್ದಕ್ಕೂ ರಾಡ್51 ಎಂಬ ಪ್ರೋಟೀನು ಮಣಿ ಪೋಣಿಸಿದಂತೆ ಕೂರುತ್ತದೆ. ಹಾಗೆ ಕೂತ ಮೇಲೆ ಅದು ಜೋಡಿ ಪ್ರತಿಯಲ್ಲಿ ತನ್ನಂಥದ್ದೇ ಅಕ್ಷರಗಳಿರುವ ಜಾಗವನ್ನು ಹುಡುಕಿ, ಎಳೆಗಳ ನಡುವೆ ನುಗ್ಗಿ, ಹೊಂದಿಕೊಂಡು ನಿಲ್ಲುತ್ತದೆ. ಹೋದ ಸಾಲನ್ನು ಅಲ್ಲಿಂದ ನೋಡಿ ಬರೆದುಕೊಂಡು, ಕಡಿದದ್ದನ್ನು ಕೂಡಿಸುತ್ತದೆ ಕೋಶ. ತನ್ನಂಥದ್ದನ್ನೇ ಹುಡುಕಿ ಕೂಡುವುದರಿಂದ ಸಮಜಾತ ಎಂಬ ಹೆಸರು.

"ಇದ್ರಾಗೆ ನಿಮ್ಮಮ್ಮನ ಜೀನ್ ಎಲ್ಲಿ ಬಂತು?"

ಬಿಆರ್‌ಸಿಎ-2 ಎಂಬುದು ಒಂದು ದೊಡ್ಡ ಪ್ರೋಟೀನಿಗೆ ಬರೆದ ಪಾಠ. ರಾಡ್51 ಅನ್ನು ಕೈಹಿಡಿದು ತಂದು ಒಂಟಿ ಎಳೆಯ ಮೇಲೆ ಕೂರಿಸುವುದು ಆ ಪ್ರೋಟೀನಿನ ಕೆಲಸ. ಜೀನ್ ಪತ್ತೆಯಾದದ್ದು 1995ರಲ್ಲಿ. ಇಡೀ ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿ, ಅದು ಈ ಕೆಲಸವನ್ನೇ ಮಾಡುತ್ತದೆಂದು ಪ್ರನಾಳದಲ್ಲಿ ನೇರವಾಗಿ ತೋರಿಸಲು 2010ರವರೆಗೆ ಕಾಯಬೇಕಾಯಿತು. ಅದು ಇಲ್ಲದ ಕೋಶ ಕಚೇರಿಯ ದಾರಿ ತಿಳಿಯದ ರೈತನಂತೆ. ನಕಲು ಪಕ್ಕದಲ್ಲೇ ಇದ್ದರೂ ತೆಗೆಸಿಕೊಳ್ಳಲಾರದೆ ಗೋಂದು ಹಾಕಿ ಅಂಟಿಸುತ್ತದೆ. ಪ್ರತಿ ಸಲ ಅಂಟಿಸಿದಾಗಲೂ ಎಲ್ಲೋ ಒಂದು ಸಾಲು ಹೋಗಬಹುದು, ಒಂದು ಪತ್ರದ ತುಂಡು ಇನ್ನೊಂದಕ್ಕೆ ಅಂಟಿಕೊಳ್ಳಬಹುದು. ಹೋದ ಸಾಲು ಕೋಶದ ಬೆಳವಣಿಗೆಗೆ ಎಲ್ಲೆ ಹಾಕುವ ಸಾಲಾಗಿದ್ದರೆ ಕೋಶ ಎಲ್ಲೆ ಮೀರಿ ಬೆಳೆಯತೊಡಗುತ್ತದೆ. ಕ್ಯಾನ್ಸರ್ ಎಂದರೆ ಅದೇ.

ಅಮ್ಮನ ಎರಡು ಬಿಆರ್‌ಸಿಎ-2 ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿತ್ತು. ಇನ್ನೊಂದು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೆಲಸವನ್ನು ಒಂಟಿಯಾಗಿ ನಿಭಾಯಿಸಿತ್ತು. ಕೊನೆಗೆ ಸ್ತನದ ಯಾವುದೋ ಒಂದು ಕೋಶದಲ್ಲಿ ಅದೂ ಕೈಕೊಟ್ಟಿತ್ತು. 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಈ ದೋಷವಿರುವ ನೂರು ಹೆಂಗಸರಲ್ಲಿ ಎಂಬತ್ತು ವರ್ಷದೊಳಗೆ ಸುಮಾರು 69 ಮಂದಿಗೆ ಸ್ತನ ಕ್ಯಾನ್ಸರ್, 17 ಮಂದಿಗೆ ಅಂಡಾಶಯದ ಕ್ಯಾನ್ಸರ್ ಬರುತ್ತದೆ. ಆ ಲೆಕ್ಕವನ್ನು ಹುಡುಗಿ ಅಪ್ಪನಿಗೆ ಆ ರಾತ್ರಿ ಹೇಳಲಿಲ್ಲ.

ಅವಳು ಈ ವಿಷಯವನ್ನು ಮೊದಲು ಕಿವಿಗೆ ಹಾಕಿಕೊಂಡದ್ದು ಅಮ್ಮನಿಗೆ ಕಾಯಿಲೆ ಬರುವ ಮುಂಚೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಕಾಲೇಜಿನವರು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಆ ಸಂಸ್ಥೆಯ ಜೀವರಸಾಯನ ವಿಭಾಗಕ್ಕೂ ಈ ನಕಲು ನೋಡಿ ಹೊಲಿಯುವ ವಿದ್ಯೆಗೂ ಹಳೆಯ ನಂಟು. ಪ್ರೊಫೆಸರ್ ಕೆ. ಮುನಿಯಪ್ಪನವರು ಅಲ್ಲೇ ಸಂಶೋಧನೆ ಮಾಡಿ, 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ರಾಡಿಂಗ್ ಅವರ ಪ್ರಯೋಗಾಲಯದಲ್ಲಿ ಈ ವಿಷಯದ ಮೇಲೆ ಕೆಲಸ ಮಾಡಿ, ಮರಳಿ ಬೆಂಗಳೂರಿಗೆ ಬಂದು ಅದನ್ನೇ ಮುಂದುವರಿಸಿದವರು. 1995ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಅವರು ಹೆಚ್ಚಾಗಿ ನೋಡಿದ್ದು ರೆಕ್‌ಎ ಎಂಬ ಪ್ರೋಟೀನನ್ನು. ಮನುಷ್ಯರಲ್ಲಿ ರಾಡ್51 ಮಾಡುವ ಕೆಲಸವನ್ನು ಬ್ಯಾಕ್ಟೀರಿಯಾಗಳಲ್ಲಿ ಮಾಡುವುದು ರೆಕ್‌ಎ. ಕ್ಷಯದ ರೋಗಾಣುವಿನಲ್ಲೂ ಅದು ಇದೆ.

ಕ್ಷಯದ ರೋಗಾಣು ನಮ್ಮ ರಕ್ಷಣಾ ಕೋಶಗಳ ಹೊಟ್ಟೆಯೊಳಗೇ ಅಡಗಿ ಬದುಕುತ್ತದೆ. ಆ ಕೋಶಗಳು ಅದರ ಮೇಲೆ ಸುರಿಯುವ ರಾಸಾಯನಿಕಗಳು ಅದರ ಡಿಎನ್‌ಎಯನ್ನು ಹಾಳುಗೆಡವುತ್ತವೆ. ರೆಕ್‌ಎ ಇದ್ದರೆ ಅದು ಹೊಲಿದುಕೊಳ್ಳುತ್ತದೆ. 2000ದಲ್ಲಿ ಮುನಿಯಪ್ಪ ಮತ್ತು ಅದೇ ಸಂಸ್ಥೆಯ ಎಂ. ವಿಜಯನ್ ಅವರ ತಂಡಗಳು ಈ ರೆಕ್‌ಎಯ ಆಕಾರವನ್ನು ಹರಳುಗಳ ಮೂಲಕ ಬಿಡಿಸಿ ತೋರಿಸಿದವು. 2014ರಲ್ಲಿ ಮುನಿಯಪ್ಪನವರ ತಂಡ, ಆಫ್ರಿಕದ ನಿದ್ರಾರೋಗಕ್ಕೆ ಕೊಡುವ ಸುರಾಮಿನ್ ಎಂಬ ಹಳೆಯ ಔಷಧಿ ಈ ರೆಕ್‌ಎಯನ್ನು ಕಟ್ಟಿಹಾಕುತ್ತದೆಂದು ಪ್ರಯೋಗಾಲಯದಲ್ಲಿ ತೋರಿಸಿತು. ರೋಗಿಗೆ ಕೊಡುವ ಹಂತ ಅದಲ್ಲ. ಆದರೆ ರೋಗಾಣುವಿನ ಹೊಲಿಗೆಯ ಸೂಜಿ ಕಿತ್ತುಕೊಳ್ಳಬಹುದೆಂಬ ದಾರಿ ಅದರಿಂದ ಕಂಡಿತು. ಅದೇ ವಿಭಾಗದ ಗಣೇಶ್ ನಾಗರಾಜು ಅವರ ತಂಡ ಮನುಷ್ಯರ ಕಡೆಯಿಂದ ಇದೇ ಹೊಲಿಗೆಯನ್ನು ನೋಡುತ್ತ, ರಾಡ್51ರ ಬಂಧುವಾದ ರಾಡ್51ಸಿ ಕೆಟ್ಟರೆ ಸ್ತನ ಕ್ಯಾನ್ಸರ್‌ಗೂ ಫ್ಯಾನ್ಕೋನಿ ಅನೀಮಿಯ ಎಂಬ ಮಕ್ಕಳ ಕಾಯಿಲೆಗೂ ದಾರಿಯಾಗುವುದು ಹೇಗೆಂದು 2012ರಲ್ಲಿ ಬರೆಯಿತು. ಆ ದಿನ ಹುಡುಗಿ ಇದನ್ನೆಲ್ಲ ಪರೀಕ್ಷೆಗೆ ಬರಬಹುದೆಂದು ಬರೆದುಕೊಂಡಿದ್ದಳು. ಅದೇ ಪುಸ್ತಕವನ್ನು ಈಗ ಬೇರೆ ಕಾರಣಕ್ಕೆ ತೆರೆದಳು.

ಅಮ್ಮನ ಪ್ರಶ್ನೆ ಹಾಗೇ ಉಳಿದಿತ್ತು. ಮರುದಿನ ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ ಬಂದು ಹುಡುಗಿ ಅಮ್ಮನ ಪಕ್ಕ ಕುಳಿತಳು. ಇಲ್ಲಿ ಪತ್ರದ ಮಾತು ಸಾಲದು. ಅಮ್ಮನಿಗೆ ಗೊತ್ತಿದ್ದುದು ಹುಳು.

ಮಿಶ್ರತಳಿಯ ಗೂಡು ಎಷ್ಟೇ ಚೆನ್ನಾಗಿ ಬಂದರೂ ಅದನ್ನು ಬಿತ್ತನೆಗೆ ಇಟ್ಟುಕೊಳ್ಳುವುದಿಲ್ಲ ಎಂಬುದು ಹುಳು ಸಾಕುವ ಎಲ್ಲರಿಗೂ ಗೊತ್ತು. ಅದರ ಮೊಟ್ಟೆಯಿಂದ ಬಂದ ಹುಳು ಒಂದೊಂದೂ ಒಂದೊಂದು ಥರ. ದೇವನಹಳ್ಳಿ ಚಕ್ಕೋತದ ಕತೆಯೂ ಅದೇ. ಬೀಜ ಹಾಕಿದರೆ ತಾಯಿಯಂಥ ಹಣ್ಣು ಸಿಗುವ ಭರವಸೆಯಿಲ್ಲವೆಂದು ಗೂಟಿ ಕಟ್ಟಿ ಗಿಡ ಮಾಡುತ್ತಾರೆ. ಇದಕ್ಕೆಲ್ಲ ಒಂದು ಕಾರಣ ಆ ನಕಲು ಹುಡುಕುವ ವಿದ್ಯೆಯೇ. ಅಂಡಾಣು, ವೀರ್ಯಾಣು ತಯಾರಾಗುವ ಹೊತ್ತಿನಲ್ಲಿ ಕೋಶ ಬೇಕೆಂದೇ ತನ್ನ ವರ್ಣತಂತುಗಳನ್ನು ಅಲ್ಲಲ್ಲಿ ಕತ್ತರಿಸಿಕೊಳ್ಳುತ್ತದೆ. ಸರಿಪಡಿಸುವಾಗ ಜೋಡಿ ಪ್ರತಿಯನ್ನು ಬಿಟ್ಟು ಎದುರಿನ ವರ್ಣತಂತುವನ್ನು ಹುಡುಕುತ್ತದೆ. ಅಪ್ಪ ಕೊಟ್ಟದ್ದು ಅಮ್ಮ ಕೊಟ್ಟದ್ದರ ಜೊತೆ ಕೂಡಿ, ತುಂಡುಗಳು ಅದಲುಬದಲಾಗುತ್ತವೆ. ಅದಕ್ಕೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೂ ಒಬ್ಬರ ಹಾಗೆ ಒಬ್ಬರಿರುವುದಿಲ್ಲ. ಈ ಕೂಡುವಿಕೆ ಬರೀ ಅಂದಚೆಂದಕ್ಕಲ್ಲ. ಅದು ಸರಿಯಾಗಿ ನಡೆಯದಿದ್ದರೆ ವರ್ಣತಂತುಗಳು ಸಮನಾಗಿ ಪಾಲಾಗದೆ ಗರ್ಭ ನಿಲ್ಲದಿರಬಹುದು, ಇಲ್ಲವೆ ಇಪ್ಪತ್ತೊಂದನೇ ವರ್ಣತಂತು ಒಂದು ಹೆಚ್ಚಾಗಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಬಹುದು.

ರೇಷ್ಮೆಹುಳುವಿನಲ್ಲಿ ಒಂದು ವಿಚಿತ್ರವಿದೆ. ಈ ಅದಲುಬದಲು ಗಂಡುಚಿಟ್ಟೆಯಲ್ಲಿ ಮಾತ್ರ ನಡೆಯುತ್ತದೆ. ಹೆಣ್ಣುಚಿಟ್ಟೆಯಲ್ಲಿ ಇಲ್ಲವೇ ಇಲ್ಲ. ಜಪಾನಿನ ವಿಜ್ಞಾನಿ ತನಾಕಾ ಹುಳುಗಳ ಮೇಲಿನ ಗುರುತುಗಳನ್ನು ಪೀಳಿಗೆಯಿಂದ ಪೀಳಿಗೆಗೆ ಲೆಕ್ಕ ಹಾಕಿ 1914ರ ಸುಮಾರಿಗೇ ಇದನ್ನು ಕಂಡುಕೊಂಡಿದ್ದರು. ಹೆಣ್ಣುಚಿಟ್ಟೆ ತನ್ನ ಅಪ್ಪ ಕೊಟ್ಟ ವರ್ಣತಂತುವನ್ನಾಗಲಿ ಅಮ್ಮ ಕೊಟ್ಟದ್ದನ್ನಾಗಲಿ ಇಡಿಯಾಗಿ ಮೊಟ್ಟೆಗೆ ದಾಟಿಸುತ್ತದೆ.

ಇಪ್ಪತ್ತು ವರ್ಷ ಹುಳು ಸಾಕಿದ ಆಕೆ ಇದನ್ನು ಕೇಳಿ ಮೊದಲ ಸಲ ಮುಖವೆತ್ತಿದರು. "ನಾನು?"

"ನೀನು ಕಲಸಿ ಕೊಟ್ಟಿದ್ದೀಯಮ್ಮ. ನನ್ನ ಹದಿಮೂರನೇ ವರ್ಣತಂತೂಲಿ ನೀನು ಕೊಟ್ಟಿದ್ದು ಒಂದು. ಅದ್ರಲ್ಲಿ ಒಂದು ತುಂಡು ತಾತಂದು, ಒಂದು ತುಂಡು ಅಜ್ಜೀದು. ಆ ಜೀನ್ ಇರೋ ಜಾಗದಲ್ಲಿ ಅವರಿಬ್ಬರಲ್ಲಿ ಯಾರದ್ದು ಬಂದೈತೆ ಅನ್ನೋದೇ ಪ್ರಶ್ನೆ. ಎರಡರಲ್ಲಿ ಒಂದು."

ಎರಡರಲ್ಲಿ ಒಂದು ಎಂದರೆ ಐವತ್ತಕ್ಕೈವತ್ತು. ಆಕೆಗೆ ಲೆಕ್ಕ ಅರ್ಥವಾಯಿತು. ಬಾಗಿಲ ಬಳಿ ಕುಳಿತಿದ್ದ ಅಜ್ಜಿಗೆ ಅರ್ಥವಾದದ್ದು ಬೇರೆ. "ನಂದಾ, ಅವರದಾ ಅಂತ ಹೆಂಗೆ ಗೊತ್ತಾಗ್ತದೆ?" ಎಂದು ಕೇಳಿದರು.

"ನಿನ್ನ ರಕ್ತ ನೋಡಿದ್ರೆ ಗೊತ್ತಾಗ್ತದೆ ಅಜ್ಜಿ."

ಅಮ್ಮನ ವರದಿಯಲ್ಲಿ ತಪ್ಪು ಎಲ್ಲಿದೆಯೆಂದು ಬರೆದಿದ್ದುದರಿಂದ ಉಳಿದವರಿಗೆ ಇಡೀ ಜೀನ್ ಓದಿಸಬೇಕಾಗಿರಲಿಲ್ಲ. ಆ ಒಂದು ಜಾಗ ನೋಡಿದರೆ ಸಾಕಿತ್ತು. ಅಜ್ಜಿ ತಾವಾಗಿಯೇ ಹೊರಟರು. ಕೆಲವು ವಾರದ ಮೇಲೆ ಬಂದ ವರದಿಯಲ್ಲಿ ಅವರಿಗೆ ಆ ದೋಷ ಇರಲಿಲ್ಲ. ಮಗಳಿಗೆ ಅದು ಬಂದದ್ದು ತಾತನಿಂದ ಎಂದು ವೈದ್ಯರು ಹೇಳಿದರು.

ಮನೆಗೆ ಬರುವ ದಾರಿಯುದ್ದಕ್ಕೂ ಅಜ್ಜಿ ಮಾತಾಡಲಿಲ್ಲ. ಬೂದಿಗೆರೆ ಹತ್ತಿರ ಬಂದಾಗ ಕಿಟಕಿಯ ಕಡೆ ನೋಡುತ್ತ ಹೇಳಿದರು: "ಹದಿನೈದು ವರ್ಸ ನನ್ನ ಹೊಟ್ಟೆನೇ ನಾನು ಬೈಕೊಂಡೆ ಕಣವ್ವ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಹಂಗಂತ ಅವರನ್ನ ಏನೂ ಅನ್ಬೇಡಿ. ಪಾಪ, ಅವರ್ಗೂ ಯಾರೋ ಕೊಟ್ಟಿದ್ದು" ಎಂದರು. ಹುಡುಗಿ ಹೇಳಬೇಕೆಂದಿದ್ದ ಮಾತು ಅದೇ.

ಮನೆಯಲ್ಲಿ ಇನ್ನೊಂದು ಮಾತು ಬಹಳ ದಿನದಿಂದ ಇತ್ತು. ಅಮ್ಮನ ತಮ್ಮ, ಅಂದರೆ ಹುಡುಗಿಯ ಸೋದರಮಾವ, ಇರುವುದು ವಿಜಯಪುರದ ಕಡೆ. ಅವರ ಮಗನಿಗೆ ಈ ಹುಡುಗಿಯನ್ನು ತಂದುಕೊಳ್ಳಬೇಕೆಂದು ಅಜ್ಜಿಯ ಆಸೆ. ಹುಡುಗಿ ಓದು ಮುಗಿಯಲಿ ಎನ್ನುತ್ತ ಮುಂದೆ ಹಾಕುತ್ತಿದ್ದಳು. ಆಸ್ಪತ್ರೆಯಲ್ಲಿ ಆಪ್ತಸಲಹೆ ಕೊಡುವ ಹೆಣ್ಣುಮಗಳು ವಂಶವೃಕ್ಷದ ಹಾಳೆ ನೋಡುತ್ತ ಈ ಸಂಬಂಧದ ವಿಷಯ ಕೇಳಿ, ಪೆನ್ನು ಕೆಳಗಿಟ್ಟು ವಿವರಿಸಿದ್ದರು. ಮಾವನಿಗೂ ತಾತನ ಆ ಪ್ರತಿ ಬಂದಿರಬಹುದು, ಎರಡರಲ್ಲಿ ಒಂದು ಸಾಧ್ಯತೆ. ಬಂದಿದ್ದರೆ ಅವರ ಮಗನಿಗೂ ಎರಡರಲ್ಲಿ ಒಂದು. ಹುಡುಗಿಗೂ ಹುಡುಗನಿಗೂ ಇದ್ದು ಮದುವೆಯಾದರೆ, ಪ್ರತಿ ಮಗುವಿಗೂ ಎರಡು ಪ್ರತಿಗಳೂ ಕೆಟ್ಟೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆಗ ಆಗುವುದು ಫ್ಯಾನ್ಕೋನಿ ಅನೀಮಿಯದ ಒಂದು ಬಗೆ: ಎಲುಬಿನ ಮಜ್ಜೆ ರಕ್ತ ಮಾಡುವುದನ್ನು ಬಿಡುತ್ತದೆ, ಎಳೆ ಮಕ್ಕಳಿಗೇ ಕ್ಯಾನ್ಸರ್ ಬರಬಹುದು. ಬಿಆರ್‌ಸಿಎ-2ಕ್ಕೂ ಈ ಕಾಯಿಲೆಗೂ ಇರುವ ನಂಟು ತಿಳಿದದ್ದು 2002ರಲ್ಲಿ.

ಇದನ್ನು ಮಾವನಿಗೆ ತಿಳಿಸಿದಾಗ ಅವರು ಕೆರಳಿದರು. "ನಂಗೂ ಇಬ್ರು ಹೆಣ್ಮಕ್ಕಳವ್ರೆ. ನಾಳೆ ಅವರನ್ನ ಯಾರು ಮಾಡ್ಕೊತಾರೆ? ನಮ್ಮಪ್ಪನ ಹೆಸರು ಕೆಡಿಸ್ಬೇಡಿ. ನಾನು ಗುಂಡುಕಲ್ಲಂಗಿವ್ನಿ, ನಂಗ್ಯಾತರ ಪರೀಕ್ಷೆ?" ಎಂದು ಹೇಳಿ ಎದ್ದು ಹೋದರು. ಎರಡು ತಿಂಗಳು ಅಕ್ಕನ ಮನೆಯ ಕಡೆ ಬರಲಿಲ್ಲ.

ಅವರ ಭಯ ಸುಳ್ಳೇನಲ್ಲ. ಊರಿನಲ್ಲಿ ಒಂದು ಮನೆಗೆ ಕಾಯಿಲೆಯ ಹೆಸರು ಅಂಟಿದರೆ ಬಿಡಿಸುವುದು ಕಷ್ಟ. ಆದರೆ ಹೆಸರು ಮುಚ್ಚಿಟ್ಟರೆ ಜೀನ್ ನಿಲ್ಲುವುದಿಲ್ಲ. ದೊಡ್ಡಮ್ಮನಿಗೆ ಕಾಯಿಲೆ ಬಂದಾಗ ತಾತನ ತಂಗಿಯ ಸಾವನ್ನು ಯಾರಾದರೂ ವೈದ್ಯರ ಮುಂದೆ ಹೇಳಿದ್ದರೆ, ಅಮ್ಮನ ಗಡ್ಡೆ ಇನ್ನೂ ಚಿಕ್ಕದಿರುವಾಗಲೇ ಸಿಕ್ಕುತ್ತಿತ್ತೋ ಏನೋ.

ಅಮ್ಮನ ಚಿಕಿತ್ಸೆ ಮುಂದುವರಿಯಿತು. ದೋಷ ತಿಳಿದದ್ದರಿಂದ ಒಂದು ಉಪಯೋಗವೂ ಆಯಿತು. ನಕಲು ನೋಡಿ ಹೊಲಿಯಲಾಗ ಕೋಶಕ್ಕೆ ಚಿಕ್ಕಪುಟ್ಟ ಹರಕುಗಳನ್ನು ತೇಪೆ ಹಾಕುವ ಇನ್ನೊಂದು ವ್ಯವಸ್ಥೆಯೇ ಆಸರೆ. ಅದರಲ್ಲಿ ಪಾರ್ಪ್ ಎಂಬ ಕಿಣ್ವ ಮುಖ್ಯ. ಪಾರ್ಪನ್ನೂ ತಡೆದರೆ ಆ ಕ್ಯಾನ್ಸರ್ ಕೋಶ ಉಳಿಯುವುದಿಲ್ಲ. ಮೈಯ ಉಳಿದ ಕೋಶಗಳಲ್ಲಿ ಒಂದು ಒಳ್ಳೆಯ ಪ್ರತಿ ಇರುವುದರಿಂದ ಅವು ತಾಳಿಕೊಳ್ಳುತ್ತವೆ. 2005ರಲ್ಲಿ ಎರಡು ತಂಡಗಳು ಇದನ್ನು ತೋರಿಸಿದವು. ಈ ತತ್ತ್ವದ ಮೇಲೆ ಮಾಡಿದ ಒಲಾಪರಿಬ್ ಎಂಬ ಮಾತ್ರೆಗೆ 2014ರಲ್ಲಿ ಮೊದಲು ಅಂಡಾಶಯದ ಕ್ಯಾನ್ಸರ್‌ಗೆ, 2018ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ಕಿತು. ಕೀಮೋ ಮತ್ತು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಅದನ್ನು ಕೊಡುವ ಮಾತನ್ನು ವೈದ್ಯರು ಆಡಿದ್ದರು. ಬೆಲೆ ಕೇಳಿ ಅಪ್ಪ ಉಗುಳು ನುಂಗಿದ್ದರು. ರೋಗಕ್ಕೆ ದಾರಿ ಮಾಡಿದ ದೋಷವೇ ಔಷಧಿಗೂ ದಾರಿ ಮಾಡುತ್ತದೆಂಬುದು ಮಾತ್ರ ಅವರಿಗೆ ಹಿಡಿಸಿತು. "ಅವನ ಪತ್ರದಾಗಿರೋ ತಪ್ಪು ಹಿಡಿದೇ ಅವನ ಮೇಲೆ ಕೇಸು ಗೆಲ್ಲೋದು ಅನ್ನು" ಎಂದರು.

ಹುಡುಗಿ ತನ್ನ ರಕ್ತ ಕೊಟ್ಟದ್ದು ಪರೀಕ್ಷೆಗಳು ಮುಗಿದ ವಾರ. ಕೊಡಲೇಬೇಕೆಂದು ಯಾರೂ ಹೇಳಿರಲಿಲ್ಲ. ಹದಿನೆಂಟು ತುಂಬಿದವರು ತಾವೇ ನಿರ್ಧರಿಸಬೇಕಾದ ವಿಷಯ ಅದು, ತಿಳಿಯದೆ ಇರುವ ಹಕ್ಕೂ ಇದೆ ಎಂದು ಸಲಹೆಗಾರ್ತಿ ಹೇಳಿದ್ದರು. ಅಮ್ಮ ಬೇಡವೆಂದರು. ಆಮೇಲೆ ಬೇಕೆಂದರು. ಕೊನೆಗೆ, "ನಿಂಗೆ ಹೆಂಗೆ ಅನ್ಸುತ್ತೋ ಹಂಗೆ ಮಾಡು ಮಗಾ" ಎಂದು ಬಿಟ್ಟರು.

ವರದಿ ಬಂದ ದಿನ ಹುಡುಗಿ ಒಬ್ಬಳೇ ಹೋಗಲಿಲ್ಲ. ಅಪ್ಪ, ಅಜ್ಜಿ ಇಬ್ಬರೂ ಜೊತೆಗಿದ್ದರು. ಆ ಜಾಗದಲ್ಲಿ ಅವಳಿಗೆ ಬಂದಿದ್ದುದು ತಾತನ ತುಂಡೇ.

ವೈದ್ಯರು ಮೊದಲು ಹೇಳಿದ ಮಾತು, ಇದು ಕಾಯಿಲೆಯಲ್ಲ ಎಂದು. ಕಾಯಿಲೆ ಬರುವ ಸಾಧ್ಯತೆ ಹೆಚ್ಚೆಂಬ ತಿಳಿವಳಿಕೆ, ಅಷ್ಟೆ. ಇಪ್ಪತ್ತೈದರಿಂದ ಪ್ರತಿ ವರ್ಷ ಸ್ತನಗಳ ಎಂಆರ್‌ಐ, ಮೂವತ್ತರ ನಂತರ ಅದರ ಜೊತೆ ಮ್ಯಾಮೋಗ್ರಾಂ. ಮಕ್ಕಳಾದ ಮೇಲೆ, ನಲವತ್ತು ದಾಟುವ ಹೊತ್ತಿಗೆ, ಅಂಡಾಶಯಗಳ ವಿಷಯ ಯೋಚಿಸಬೇಕು. ಮದುವೆಗೆ ಇದು ಅಡ್ಡಿಯಲ್ಲ, ಕಟ್ಟಿಕೊಳ್ಳುವವನಿಗೆ ತಿಳಿದಿರಬೇಕು. ಅವಳು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಪುಟ ತಿರುವಿದಾಗ ಹಿಂದೆ ರೆಕ್‌ಎ ಬಗ್ಗೆ ಬರೆದುಕೊಂಡಿದ್ದು ಕಂಡಿತು.

ಮನೆಯಲ್ಲಿ ಅಮ್ಮನಿಗೆ ಹೇಳುವ ಹೊತ್ತು ಬಂದಾಗ ಮಾತು ಹುಡುಕಬೇಕಾಗಲಿಲ್ಲ. ಬಾಗಿಲಲ್ಲಿ ನಿಂತ ಅಜ್ಜಿಯ ಮುಖ ನೋಡಿಯೇ ಆಕೆಗೆ ತಿಳಿಯಿತು. ಮಗಳನ್ನು ಹತ್ತಿರ ಕೂರಿಸಿಕೊಂಡು ಬಹಳ ಹೊತ್ತು ತಲೆ ನೇವರಿಸಿದರು. ಆಕೆಯ ತಲೆಯಲ್ಲಿ ಆಗ ಹೊಸ ಕೂದಲು ಚಿಗುರತೊಡಗಿತ್ತು.

ಆ ಸಲದ ಹುಳು ಹಣ್ಣಾಗಿ ಚಂದ್ರಿಕೆಗೆ ಹಾಕಿದ ಮೂರನೇ ದಿನ ಬೆಳಿಗ್ಗೆ ಮೊಪೆಡ್ಡಿನ ಸದ್ದಾಯಿತು. ಮಾವ ಬಂದಿದ್ದರು. ಹಿಂದಿನ ಸೀಟಿನಲ್ಲಿ ದೊಡ್ಡ ಮಗಳು. ಅಕ್ಕನ ಮುಖ ನೋಡದೆ, ನೇರ ಹುಳು ಸಾಕುವ ಕೋಣೆಗೆ ಹೋಗಿ, ಗೂಡು ಕಟ್ಟುತ್ತಿದ್ದ ಹುಳುಗಳನ್ನು ನೋಡುತ್ತ ನಿಂತರು. ಈ ಸಲ ಗೂಡು ಚೆನ್ನಾಗಿ ಬಂದೈತೆ ಎಂದರು. ಮಾರುಕಟ್ಟೆಯಲ್ಲಿ ರೇಟು ಪರವಾಗಿಲ್ಲ ಎಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಹುಡುಗಿಯ ಕಡೆ ತಿರುಗಿದರು.

"ಆ ರಕ್ತ ಎಲ್ಲಿ ಕೊಡೋದು ಅಮ್ಮಣ್ಣಿ? ಏನೂ ತಿನ್ನದೆ ಹೋಗ್ಬೇಕಾ, ತಿಂದು ಹೋಗ್ಬಹುದಾ?"

"ತಿಂದು ಹೋಗ್ಬಹುದು ಮಾವ" ಎಂದಳು ಹುಡುಗಿ. ಅಜ್ಜಿ ಒಲೆಯ ಮೇಲೆ ಇನ್ನೆರಡು ರೊಟ್ಟಿ ತಟ್ಟಲು ಎದ್ದರು.